ಅರಸರ ಗೋರಿಯ ಮೇಲೆ ಹುಲ್ಲು ಕೊಯ್ಯುವ ಊರು

ಇಂಚಾನ್ ವಿಮಾನ ನಿಲ್ದಾಣ

ಕೊರಿಯಾದಲ್ಲಿ ನಮ್ಮನ್ನು ಮೊಟ್ಟಮೊದಲು ವಿಚಾರಿಸಿಕೊಂಡದ್ದು ಒಂದು ನಾಯಿ. ಜೋತುಬಿದ್ದ ಕಿವಿಯ, ಮೈಮೇಲೆ ಬಟ್ಟೆಯ ಕವಚ ತೊಟ್ಟ ಸಣ್ಣ ನಾಯಿ. ಬ್ಯಾಗುಗಳಿಗಾಗಿ ಕಾಯುತ್ತ ನಿಂತಿದ್ದ ಅಷ್ಟೂ ಜನರನ್ನು ಬಿಟ್ಟು ನೇರವಾಗಿ ನಮ್ಮಣ್ಣನ ಹತ್ತಿರ ಬಂತು. ಅವನ ನೆಹರೂ ಶರ್ಟಿನ ಕಿಸೆ ಮೂಸಿ, ಜಾಣ ಹುಡುಗನ ಹಾಗೆ ಅವನ ಕಾಲ ಬಳಿ ಕುಳಿತುಬಿಟ್ಟಿತು. ಹಿಂದೆಯೇ ಯೂನಿಫಾರ್ಮಿನ ಹುಡುಗಿಯೊಬ್ಬಳು ಬಂದು ಬಗ್ಗಿ ನಮಸ್ಕರಿಸಿ ಕಿಸೆಯತ್ತ ಕೈ ತೋರಿಸಿದಳು. ಅಣ್ಣ ಕಿಸೆಯಿಂದ ತೆಗೆದದ್ದು ಒಂದು ಲಿಂಬೆಹಣ್ಣು.

ಇಂಡಿ ಸೀಮೆಯ ಲಿಂಬೆ ಬೆಳೆಗಾರ ಕಿಸೆಯಲ್ಲಿ ಹಣ್ಣಿಲ್ಲದೆ ಊರಗಡಿ ದಾಟುವುದಿಲ್ಲ. ದೃಷ್ಟಿ ತಾಗದಿರಲಿ ಎಂದೂ ಹೌದು, ಬಸ್ಸಿನಲ್ಲಿ ಹೊಟ್ಟೆ ತೊಳಸಿದರೆ ಮೂಸಲಿಕ್ಕೂ ಹೌದು. ಅಣ್ಣನ ಊರು ತಾಂಬಾದ ತೋಟದಲ್ಲಿ ಕಿತ್ತ ಆ ಹಣ್ಣು ಮುಂಬೈ ದಾಟಿ, ಸಮುದ್ರ ದಾಟಿ, ಇಲ್ಲಿ ನಾಯಿಯ ಮೂಗಿಗೆ ಸಿಕ್ಕಿಬಿದ್ದಿತ್ತು. ಪರದೇಶದ ಹಣ್ಣು ಒಳಗೆ ಬರುವಂತಿಲ್ಲವಂತೆ. ಹುಡುಗಿ ಎರಡೂ ಕೈ ಚಾಚಿ, ಪ್ರಸಾದ ಈಸಿಕೊಂಡಂತೆ ಈಸಿಕೊಂಡು, ಇನ್ನೊಮ್ಮೆ ಬಗ್ಗಿ ಹೊರಟುಹೋದಳು.

"ನೋಡು ಶಾರಿ, ಹಿಂಗ ಮರ್ಯಾದಿಲೆ ಕಸಗೊಂಡ್ರ ಸಿಟ್ಟರ ಹೆಂಗ ಬರಬೇಕು?" ಅಂದ ಅಣ್ಣ.

ನನಗೆ ನಗು ಬಂತು. ಅಣ್ಣ ನನ್ನೊಡನೆ ಇಷ್ಟು ಹಗುರಾಗಿ ಮಾತಾಡಿ ಬಹಳ ದಿನಗಳಾಗಿದ್ದವು. ಅದಕ್ಕೆ ಕಾರಣ ನಮ್ಮವ್ವನ ಗದ್ದುಗೆ.

ಈ ಜಗಳವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂಡಿಸಿ ಮಣ್ಣು ಮಾಡುತ್ತಾರೆ, ಅದೂ ಸ್ವಂತ ಹೊಲದಲ್ಲಿ. ಅದೇ ಗದ್ದುಗೆ. ಹೋದ ಮಾಘದಲ್ಲಿ ಅವ್ವ ತೀರಿಕೊಂಡಾಗ ಲಿಂಬೆ ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು. ಮಣ್ಣಿನ ದಿಬ್ಬ ಇನ್ನೂ ಹಸಿಯಾಗಿದ್ದಾಗಲೇ ಅಣ್ಣ ಅದರ ಮೇಲೆ ಕಪ್ಪು ಕಲ್ಲಿನ ಕಟ್ಟಡ ಎಬ್ಬಿಸುವ ಮಾತು ತೆಗೆದ. ಮುದ್ದೇಬಿಹಾಳದ ಕಡೆಯ ಕಲ್ಲುಕುಟಿಗ ಮೈಬೂಬನನ್ನು ಕರೆಸಿ ಅಳತೆಯನ್ನೂ ಕೊಟ್ಟ. ನಾನು ಬೇಡವೆಂದೆ. ಅವ್ವನಿಗೆ ಮಣ್ಣೇ ಇರಲಿ ಎಂದೆ. "ನೀ ಹೂಂ ಅನ್ನೂತನಾ ಕಲ್ಲ ಕೂಡ್ಸಂಗಿಲ್ಲ" ಎಂದು ಅವನು ಮಾತು ಕೊಟ್ಟ, ಮುಖ ಮಾತ್ರ ಅವತ್ತಿನಿಂದ ಬಿಗಿದುಕೊಂಡಿತು.

ನಾನು ಬೇಡವೆಂದದ್ದಕ್ಕೆ ಒಳಗಿನ ಕಾರಣ ಬೇರೆಯೇ ಇತ್ತು. ಬಸವನ ಬಾಗೇವಾಡಿಯಲ್ಲಿ ಶಾಲೆಯ ಮಕ್ಕಳಿಗೆ ಇತಿಹಾಸ ಹೇಳಿ ನಿವೃತ್ತಳಾದ ನನಗೆ ತವರು ಅಂದರೆ ಅವ್ವ. ಅವಳಿದ್ದಾಗ ನೆಪ ಬೇಕಿರಲಿಲ್ಲ. ಈಗ ಹಬ್ಬಕ್ಕೆ ಕರೆದರೆ ಹೋಗಬೇಕು, ಕರೆಯದಿದ್ದರೆ ಮನೆಯಲ್ಲೇ ಇರಬೇಕು. ಮಣ್ಣಿನ ಗದ್ದುಗೆಯಾದರೆ ಕಸ ಕೀಳಲು, ಮಳೆಗೆ ಕುಸಿದಲ್ಲಿ ಮಣ್ಣು ಹಾಕಲು ನಾನು ಬಂದೇ ಬರುತ್ತೇನೆ. ಕಲ್ಲು ಕೂತ ದಿನ ಆ ಕೆಲಸವೂ ಮುಗಿಯುತ್ತದೆ. ಇದನ್ನು ಅಣ್ಣನಿಗೆ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಈ ವಯಸ್ಸಿನಲ್ಲಿ ತವರಿನ ಹಂಬಲವೇ ಎಂದು ನಗುತ್ತಾನೆ ಅನ್ನಿಸುತ್ತಿತ್ತು.

ಅಣ್ಣನ ಮಗಳು ದಾನು ಇಲ್ಲಿನ ದೇಗು ಎಂಬ ಊರಲ್ಲಿ ಬೀಜಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಅಪ್ಪ, ಅತ್ತೆ ಇಬ್ಬರೂ ಬಂದು ನೋಡಲೇಬೇಕೆಂದು ಹಟ ಹಿಡಿದವಳು ಅವಳೇ. ಎಮ್ಮೆ ಈಯುವ ಹೊತ್ತು, ಬರಲಾರೆ ಅಂದಳು ಅತ್ತಿಗೆ. ಹೀಗಾಗಿ ಮಾತು ಬಿಟ್ಟ ಅಣ್ಣ ತಂಗಿ ಅಕ್ಕಪಕ್ಕದ ಸೀಟಿನಲ್ಲಿ ಕುಳಿತು ಪರದೇಶಕ್ಕೆ ಹೊರಟಿದ್ದೆವು.

ಗ್ಯೋಂಗ್ಜು: ಊರೊಳಗಿನ ಬಣವೆಗಳು

ದಾನು ನಮ್ಮನ್ನು ರೈಲಿನಲ್ಲಿ ಗ್ಯೋಂಗ್ಜುಗೆ ಕರೆದೊಯ್ದಳು. ಒಂದು ಕಾಲಕ್ಕೆ ಇದು ಸಿಲ್ಲಾ ಎಂಬ ರಾಜ್ಯದ ರಾಜಧಾನಿ. ಈಗ ಹೆಂಚಿನ ಮನೆಗಳ, ಕಾಫಿ ಅಂಗಡಿಗಳ ಶಾಂತವಾದ ಊರು. ಶಾಲೆಯ ಮಕ್ಕಳಿಗೆ ಅರಸರ ಗೋರಿಯೆಂದರೆ ಪಿರಮಿಡ್ಡು, ಗೋಲಗುಮ್ಮಟ ಎಂದು ಹೇಳಿಕೊಟ್ಟವಳು ನಾನು. ಕಲ್ಲು, ಎತ್ತರ, ದೊಡ್ಡಸ್ತಿಕೆ ಇರಬೇಕು. ಅದಕ್ಕಾಗಿ ಕಣ್ಣು ಮೇಲೆತ್ತಿಕೊಂಡೇ ನಡೆಯುತ್ತಿದ್ದೆ.

ಓಣಿ ತಿರುಗಿದೆವು. ಎದುರಿನ ಮನೆಯ ಹೆಂಚಿನ ಹಿಂದಿನಿಂದ ದೊಡ್ಡದೊಂದು ಹಸಿರು ಬೆನ್ನು ಎದ್ದು ನಿಂತಿತ್ತು. ಅದರಾಚೆ ಇನ್ನೊಂದು. ಬ್ಯಾಂಕಿನ ಪಕ್ಕಕ್ಕೊಂದು, ಕಾರು ನಿಲ್ಲಿಸುವ ಜಾಗದ ಮಗ್ಗುಲಿಗೊಂದು. ಕತ್ತರಿಸಿದ ಹುಲ್ಲು ಹೊದ್ದ ಗುಂಡನೆಯ ದಿಬ್ಬಗಳು ಊರ ತುಂಬ ಹರಡಿದ್ದವು.

"ಬಣವಿ ಚಂದ ಒಟ್ಯಾರ" ಅಂದ ಅಣ್ಣ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಜೋಳದ ಕಣಿಕೆಯ ಬಣವೆಗಳು ನಿಲ್ಲುವುದು ಹೀಗೆಯೇ. "ಮಳಿ ಬಂದ್ರ ಇಷ್ಟ ಗುಂಡಗ ಹೆಂಗ ನಿಲ್ತಾವು?"

"ಅಪ್ಪಾ, ಬಣವಿ ಅಲ್ಲ. ಒಳಗ ರಾಜರು ಅದಾರ" ಅಂದಳು ದಾನು.

ಅಣ್ಣ ನಿಂತಲ್ಲೇ ಚಪ್ಪಲಿ ಕಳಚಿದ. ಅವನನ್ನು ನೋಡಿ ನಾನೂ ಕಳಚಿದೆ. ಗದ್ದುಗೆಯ ಹತ್ತಿರ ಚಪ್ಪಲಿ ಹಾಕಿ ಹೋಗುವುದುಂಟೆ? ದಾನು ಎಷ್ಟು ಹೇಳಿದರೂ ಕೇಳದೆ ಕೈಯಲ್ಲಿ ಚಪ್ಪಲಿ ಹಿಡಿದು ದೊಡ್ಡ ಗೋರಿಗಳ ಉದ್ಯಾನಕ್ಕೆ ನಡೆದೆವು. ನುಣುಪಾದ ಕಾಲುದಾರಿ, ಎರಡೂ ಬದಿಗೆ ಪೈನ್ ಮರ, ಮರಗಳ ಸಂದಿಯಲ್ಲಿ ಒಂದಕ್ಕಿಂತ ಒಂದು ದೊಡ್ಡ ದಿಬ್ಬ. ಇಳಿಬಿಸಿಲು ಹುಲ್ಲಿನ ಮೇಲೆ ಬಿದ್ದಿತ್ತು. ಬಾಡಿಗೆಯ ರೇಷ್ಮೆ ಲಂಗ ತೊಟ್ಟ ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಾವಿರದ ಐನೂರು ವರ್ಷ ಹಿಂದಿನ ಅರಸರು, ಮೇಲೊಂದು ಕಲ್ಲಿಲ್ಲ, ಹೆಸರಿಲ್ಲ, ಬರೀ ಹುಲ್ಲು. ಎಷ್ಟೋ ಗೋರಿಗಳಲ್ಲಿ ಇರುವವರು ಯಾರು ಎಂಬುದೇ ಗೊತ್ತಿಲ್ಲವಂತೆ. ಗೋಲಗುಮ್ಮಟದೊಳಗೆ ಒಮ್ಮೆ ಕೂಗಿದರೆ ಮತ್ತೆ ಮತ್ತೆ ಮರುದನಿ ಕೊಟ್ಟು ತಾನಿದ್ದೇನೆ ಅನ್ನುತ್ತದೆ. ಇವು ಏನೂ ಅನ್ನುವುದಿಲ್ಲ. ಆದರೂ ಊರಿಗೆ ಊರೇ ಅವುಗಳ ಸುತ್ತ ದನಿ ತಗ್ಗಿಸಿ ನಡೆಯುತ್ತದೆ.

ನಾನು ಹೀಗೆ ಮೈಮರೆತಿದ್ದಾಗ ಸೀಟಿ ಕೇಳಿಸಿತು. ತಿರುಗಿ ನೋಡಿದರೆ ಅಣ್ಣ ಹಗ್ಗದ ಬೇಲಿ ದಾಟಿ ಒಬ್ಬ ಅರಸನ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದಾನೆ. ಕೈಯಲ್ಲಿ ಬೇರುಸಹಿತ ಕಿತ್ತ ಒಂದು ಕಸದ ಗಿಡ. ಕಾವಲುಗಾರ ಸೀಟಿ ಊದುತ್ತಲೇ ಓಡಿ ಬಂದ. ದಾನು ಬಗ್ಗಿದಳು, ಮತ್ತೆ ಬಗ್ಗಿದಳು, ಕ್ಷಮೆ ಕೇಳುವ ಮಾತು ಕೊರಿಯನ್ ಭಾಷೆಯಲ್ಲಿ ಎಷ್ಟಿವೆಯೋ ಅಷ್ಟೂ ಹೇಳಿದಳೆಂದು ಕಾಣುತ್ತದೆ.

"ನಾ ಏನ್ ಮಾಡೇನಿ?" ಅಂದ ಅಣ್ಣ. "ಹುಲ್ಲಿನಾಗ ಕಸ ಹುಟ್ಟಿತ್ತು. ಹಂಗ ಬಿಟ್ರ ಬೀಜ ಉದುರಿ ಮುಂದಿನ ವರ್ಷ ಗುಡ್ಡ ಪೂರಾ ಅದ ಆಕ್ಕೈತಿ. ತೋಟದವಾ ನೋಡ್ಕೋತ ಹೆಂಗ ಹೋಗಲಿ?"

ದಾನು ಇದನ್ನು ಅನುವಾದಿಸಿದಾಗ ಕಾವಲುಗಾರ ಅಣ್ಣನ ಕೈಯಲ್ಲಿನ ಗಿಡವನ್ನೂ ಬರಿಗಾಲನ್ನೂ ನೋಡಿದ. ಆಮೇಲೆ ದೂರದ ದಿಬ್ಬವೊಂದನ್ನು ತೋರಿಸಿದ. ಅದರ ನೆತ್ತಿಯ ಮೇಲೆ ಬಿಸಿಲು ಟೊಪ್ಪಿಗೆಯ ಆಳುಗಳು ಯಂತ್ರ ಹಿಡಿದು ಹುಲ್ಲು ಕತ್ತರಿಸುತ್ತಿದ್ದರು. ಅರಸರಿಗೂ ಕ್ಷೌರ ಬೇಕೇಬೇಕಂತೆ. ಬಿಟ್ಟರೆ ಮರ ಹುಟ್ಟಿ ಗೋರಿ ಗುಡ್ಡವಾಗಿಬಿಡುತ್ತದೆ. ಅಣ್ಣ ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದ. ಆ ಗಿಡವನ್ನು ಮಾತ್ರ ಕಾವಲುಗಾರ ಕೇಳಿ ತೆಗೆದುಕೊಂಡ, ಎರಡೂ ಕೈ ಚಾಚಿ.

ಕುದುರೆ ಗೋರಿಯ ಒಳಗೆ

ನಾವು ಇಳಿದುಕೊಂಡದ್ದು ಹೆಂಚಿನ ಹಳೆಯ ಮನೆಯಲ್ಲಿ. ಮನೆಯೊಡತಿಯನ್ನು ದಾನು 'ಇಮೋ' ಎಂದು ಕರೆಯುತ್ತಿದ್ದಳು, ಅಂದರೆ ಚಿಗವ್ವ. ನನ್ನದೇ ವಯಸ್ಸು, ಗುಂಗುರು ಕೂದಲು, ನಿಂತಲ್ಲಿ ನಿಲ್ಲದ ಜೀವ. ಇಮೋ ಹೇಳಿದ್ದನ್ನೆಲ್ಲ ದಾನು ತಕ್ಷಣ ನಮ್ಮ ಮಾತಿಗೆ ತಿರುಗಿಸುತ್ತಿದ್ದಳು. ಹಾಗಾಗಿ ನನ್ನ ನೆನಪಿನಲ್ಲಿ ಇಮೋ ಇಂಡಿ ತಾಲೂಕಿನ ಕನ್ನಡವನ್ನೇ ಆಡುತ್ತಾಳೆ.

"ಮೀನಿಲ್ದ ಊಟ ಅಂದ್ರ ಹೆಂಗ್ರಿ, ನೀರಿಲ್ದ ಜಳಕ ಆದಂಗ ಆತು" ಅಂದಳು ಮೊದಲ ದಿನ. ಮರುದಿನ ಬೆಳಿಗ್ಗೆ ಮಾತ್ರ ಏಳು ಬಗೆಯ ಸೊಪ್ಪು ಬೇಯಿಸಿ ಎದುರಿಗಿಟ್ಟಿದ್ದಳು. ನಾವು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಅವಳು ಒಂದು ರೊಟ್ಟಿ ಮುರಿದಳು, ಆ ಸಪ್ಪಳಕ್ಕೆ ಬೆಚ್ಚಿದಳು, ಆಮೇಲೆ ಇಡೀ ರೊಟ್ಟಿ ತಿಂದಳು. ನೆಲದ ಮೇಲೆ ಊಟ, ನೆಲದ ಮೇಲೆ ನಿದ್ದೆ, ಹೊಸ್ತಿಲ ಹೊರಗೆ ಚಪ್ಪಲಿ. ಪರದೇಶಕ್ಕೆ ಬಂದದ್ದು ನಿಜವೇ ಎಂದು ನನಗೆ ಆಗಾಗ ಅನುಮಾನವಾಗುತ್ತಿತ್ತು. ಊರಿನ ಹೆಸರುವಾಸಿ ತಿಂಡಿಯಂತೂ ಕೆಂಪು ಅವರೆಯಂಥ ಕಾಳಿನ ಹೂರಣ ತುಂಬಿದ ಸಣ್ಣ ಬನ್ನು. ಹೋಳಿಗೆಯ ದೂರದ ಸಂಬಂಧಿಯೇ ಸರಿ. "ಇದರಾಗ ತತ್ತಿ ಹಾಕಿರ್ತಾರೇನು?" ಎಂದು ಅಣ್ಣ ಕೇಳಿದ. ಕೇಳಬೇಡಿ ಎಂದಳು ದಾನು. ಅವನು ಮತ್ತೆ ಕೇಳದೆ ತಿಂದ.

ಗೋರಿಗಳಲ್ಲಿ ಒಂದರೊಳಗೆ ಹೋಗಬಹುದು. ಅದರಲ್ಲಿ ಆಗಸದಲ್ಲಿ ಹಾರುವ ಬಿಳಿ ಕುದುರೆಯ ಚಿತ್ರ ಸಿಕ್ಕಿತ್ತಂತೆ, ಹಾಗಾಗಿ ಆ ಗೋರಿಗೆ ಕುದುರೆಯದೇ ಹೆಸರು. ಬಾಗಿಲು ದಾಟಿದರೆ ದಿಬ್ಬದ ಹೊಟ್ಟೆ ಸೀಳಿದಂತೆ ಎಲ್ಲ ಕಾಣುತ್ತದೆ. ನಡುವೆ ಮರದ ಕೋಣೆ, ಅದರಲ್ಲಿ ಅರಸ ಮಲಗಿದ್ದ ಜಾಗ. ಕೋಣೆಯ ಮೇಲೆ ಹೊಳೆಯ ಗುಂಡುಕಲ್ಲುಗಳ ರಾಶಿ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಒಳಗೆ ಬರಲು ದಾರಿಯನ್ನೇ ಬಿಟ್ಟಿರಲಿಲ್ಲ. ಮರ ಕೊಳೆತು ಕಲ್ಲೆಲ್ಲ ಒಳಗೆ ಕುಸಿದದ್ದರಿಂದ ಕಳ್ಳರ ಕೈಗೂ ಸಿಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಪಾಠ ಮಾಡುವ ದನಿಯಲ್ಲೇ ಅಣ್ಣನಿಗೆ ಎಲ್ಲ ವಿವರಿಸಿದೆ. ಹಿಂದೆ ಇದ್ದ ನಾಲ್ಕಾರು ಕೊರಿಯನ್ ಹೆಂಗಸರೂ ಏನೂ ತಿಳಿಯದೆ ನನ್ನ ಮಾತು ಕೇಳುತ್ತ ನಿಂತರು.

ಆಮೇಲೆ ಮ್ಯೂಸಿಯಮ್ಮಿನಲ್ಲಿ ಬಂಗಾರ. ಕೊಂಬೆಗಳ ಹಾಗೆ ಮೇಲೆದ್ದ ಕಿರೀಟಗಳು, ಪ್ರತಿ ಕೊಂಬೆಗೂ ಎಲೆಗಳಂತೆ ತೂಗುವ ಬಂಗಾರದ ಬಿಲ್ಲೆಗಳು. ಯಾರಾದರೂ ಜೋರಾಗಿ ನಡೆದರೆ ಗಾಜಿನೊಳಗೆ ಅವು ನಡುಗುತ್ತಿದ್ದವು. ಅಲ್ಲಿ ಒಂದು ಸಂಗತಿ ಓದಿ ನಾನು ಕುಣಿದಾಡುವುದೊಂದು ಬಾಕಿ. ಉದ್ಯಾನದಲ್ಲಿ ಒಂಟೆಯ ಬೆನ್ನಿನಂತೆ ಜೋಡಿ ದಿಬ್ಬವೊಂದನ್ನು ನೋಡಿದ್ದೆವು, ಅದರಲ್ಲಿ ಒಂದು ಗಂಡನದು, ಒಂದು ಹೆಂಡತಿಯದು. ಅಗೆದು ನೋಡಿದರೆ ಹೆಂಡತಿಯ ಕಿರೀಟ ಅಪ್ಪಟ ಬಂಗಾರ. ಗಂಡನದು ಬಂಗಾರದ ನೀರು ಕೊಟ್ಟ ಕಂಚು.

"ಕೇಳಿದೇನಣ್ಣಾ? ಇಲ್ಲಿ ಹೆಂಗಸರಿಗೆ ಖರೇ ಬಂಗಾರ, ಗಂಡಸರಿಗೆ ಬರೀ ಪಾಲಿಶ್."

"ನಮ್ಮ ಮನ್ಯಾಗರ ಬ್ಯಾರೆ ಏನೈತಿ?" ಅಂದ. ಗಾಜಿಗೆ ಮೂಗು ಹಚ್ಚಿ ನೋಡಿ ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದ, "ಅವ್ವನ ಕಿವಿಯಾಗಿನ ಬುಗುಡಿ ಹಿಂಗ ಅಳ್ಳಾಡ್ತಿದ್ದವು."

ಅವ್ವನ ಹೆಸರು ನಮ್ಮಿಬ್ಬರ ನಡುವೆ ಜಗಳವಿಲ್ಲದೆ ಬಂದದ್ದು ತಿಂಗಳುಗಳ ಮೇಲೆ ಅದೇ ಮೊದಲು. ಹೊರಗೆ ಬರುವಾಗ ಮೈಬೂಬನ ಫೋನು ಬಂತು. ಕಲ್ಲು ಕೊಯ್ಯಲು ಇಡಲೇ ಬೇಡವೇ ಎಂದು ಕೇಳುತ್ತಿದ್ದ. ಅಣ್ಣ ನನ್ನ ಮುಖ ನೋಡದೆ, "ಇನ್ನೊಂದೆರಡ ದಿನ ತಡಿಯೋ" ಅಂದ.

ಕಡಲ ದಂಡೆ

ಸಿಲ್ಲಾದ ಅರಸರೆಲ್ಲ ದಿಬ್ಬದಡಿ ಮಲಗಿದ್ದರೂ ಒಬ್ಬ ಮಾತ್ರ ನೀರಿನಲ್ಲಿದ್ದಾನೆ. ಬಸ್ಸು ಬೆಟ್ಟ ಇಳಿದು ಪೂರ್ವದ ಕಡಲಿಗೆ ಬಂದಾಗ ದಾನು ತೋರಿಸಿದಳು. ದಂಡೆಯಿಂದ ಕೂಗಳತೆಯಲ್ಲಿ ಕಪ್ಪು ಬಂಡೆಗಳ ಗುಂಪು, ಮೇಲೆ ಕಡಲಕ್ಕಿಗಳು, ಸುತ್ತ ಬಿಳಿಯ ನೊರೆ. ಸತ್ತ ಮೇಲೂ ದೇಶ ಕಾಯಬೇಕು, ಡ್ರ್ಯಾಗನ್ ಆಗಬೇಕು, ಅದಕ್ಕೆ ನನ್ನನ್ನು ಸಮುದ್ರಕ್ಕೇ ಒಪ್ಪಿಸಿ ಎಂದು ಆ ಅರಸ ಕೇಳಿಕೊಂಡನಂತೆ. ದಂಡೆಯ ತುಂಬ ಜನ. ಒಬ್ಬಳು ಮೇಣದ ಬತ್ತಿ ಹಚ್ಚಿ ಡೋಲು ಬಾರಿಸುತ್ತ ನೀರಿಗೆ ಅನ್ನ ಎರಚುತ್ತಿದ್ದಳು. ಅವಳ ಪಕ್ಕದಲ್ಲೇ ಒಂದು ಕುಟುಂಬ ಗಾಳಿಪಟ ಬಿಡುತ್ತಿತ್ತು. ಒಂದು ಕಡಲಕ್ಕಿ ನನ್ನ ಕೈಯ ಹೂರಣದ ಬನ್ನನ್ನು ಕಸಿದುಕೊಂಡು ಹಾರಿತು. ಅದು ಮಾತ್ರ ಎರಡೂ ಕೈ ಚಾಚಿ ಕೇಳಲಿಲ್ಲ.

ನಾನು ಜೋರಾಗಿ ನಗುತ್ತ ಅಣ್ಣನತ್ತ ತಿರುಗಿದೆ. ಅವನು ನಗುತ್ತಿರಲಿಲ್ಲ. ನೀರಿನ ಅಂಚಿಗೆ ಹೋಗಿ ಆ ಬಂಡೆಗಳನ್ನು ನೋಡುತ್ತ ಕುಳಿತಿದ್ದ. ಪಕ್ಕದಲ್ಲಿ ಕುಳಿತೆ.

"ಅಪ್ಪನೂ ನೀರಾಗ ಅದಾನ" ಅಂದ.

ನಮ್ಮ ಹಳೆಯ ಊರು ಕೃಷ್ಣೆಯ ದಂಡೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಮನೆ ಬಿಟ್ಟೆವು, ಹೊಲ ಬಿಟ್ಟೆವು, ಹೊಲದಲ್ಲಿನ ಅಪ್ಪನ ಗದ್ದುಗೆಯನ್ನೂ ಬಿಟ್ಟೆವು. ಆಗ ನನಗೆ ಮದುವೆಯಾಗಿತ್ತು, ಸಾಮಾನು ಹೇರಿಕೊಂಡು ತಾಂಬಾಕ್ಕೆ ಬಂದವರು ಅಣ್ಣ ಮತ್ತು ಅವ್ವ.

"ಬ್ಯಾಸಿಗ್ಯಾಗ ನೀರು ಇಳದಾಗ ಒಮ್ಮಿ ಹೋಗಿದ್ದೆ, ನಿಮಗ ಯಾರಿಗೂ ಹೇಳಿಲ್ಲ" ಅಂದ. "ಗುಡಿ ಗ್ವಾಡಿ ನಿಂತಿದ್ದು. ಕಲ್ಲಿಂದು ನೋಡು, ಹಂಗ ನಿಂತಿದ್ದು. ಅಪ್ಪನ ಗದ್ದಿಗಿ ಎಲ್ಲೈತಿ ಅಂತ ಹುಡುಕಿದ್ನಿ. ಬರೀ ರಾಡಿ. ಮಣ್ಣು ಮಣ್ಣಾಗ ಕಲತು ಹೋಗಿತ್ತು. ಎಲ್ಲಿ ನಿಂತು ಕೈ ಮುಗೀಬೇಕು ಅನ್ನೂದ ತಿಳೀಲಿಲ್ಲ ನನಗ. ಅವ್ವಂದರ ಹಂಗ ಆಗಬಾರದು."

ಇಷ್ಟು ದಿನ ಅಣ್ಣನಿಗೆ ಕಲ್ಲಿನ ಹುಚ್ಚು ಊರವರೆದುರು ಮೆರೆಯಲು ಎಂದೇ ತಿಳಿದಿದ್ದೆ. ತವರಿಗೆ ಬರುವ ನನ್ನ ನೆಪ ಅವನ ಈ ದುಃಖದ ಮುಂದೆ ತೀರ ಸಣ್ಣದಾಗಿ ಕಂಡಿತು.

"ಕಲ್ಲ ಹಾಕ್ಸಣ್ಣಾ" ಅಂದೆ. "ನಾ ಹೂಂ ಅಂದೇನಿ."

ಅವನು ನನ್ನ ಬೆನ್ನ ಮೇಲೆ ಕೈಯಿಟ್ಟ. ಮೈಬೂಬನಿಗೆ ನಾಳೆ ಹೇಳುತ್ತೇನೆ ಅಂದ. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಹಗುರಾಗಿದ್ದ, ದಾನುವಿಗೆ ಹಳೆಯ ಊರಿನ ಕತೆಗಳನ್ನು ಹೇಳುತ್ತಿದ್ದ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ. ಕೊಟ್ಟದ್ದಕ್ಕೆ ಸಂತೋಷವಿತ್ತು, ಕಳೆದುಕೊಂಡದ್ದಕ್ಕೆ ಅಳುವೂ ಬರುತ್ತಿತ್ತು.

ಇಮೋಳ ಗುಡ್ಡ

ಮರುದಿನ ಭಾನುವಾರ. ಇವರ ದೊಡ್ಡ ಸುಗ್ಗಿ ಹಬ್ಬ ಹತ್ತಿರ ಬಂದಿತ್ತು. ಹಬ್ಬಕ್ಕೆ ಮುಂಚೆ ಪ್ರತಿ ಮನೆತನದವರೂ ತಮ್ಮ ಹಿರಿಯರ ಗೋರಿಗಳ ಹುಲ್ಲು ಕೊಯ್ದು ಬರಬೇಕಂತೆ. ಅರಸರಿಗಷ್ಟೇ ಅಲ್ಲ, ಇಲ್ಲಿ ಎಲ್ಲರಿಗೂ ದಿಬ್ಬವೇ. ದೊಡ್ಡವರಿಗೆ ದೊಡ್ಡದು, ಬಡವರಿಗೆ ಬುಟ್ಟಿ ಬೋರಲು ಹಾಕಿದಷ್ಟು. ಹಿಂದಿನ ಸಂಜೆ ಅಣ್ಣನ ಸೀಟಿಯ ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದ ಇಮೋ, "ನಮ್ಮ ಗೋರಿಗೆ ಕಾವಲುಗಾರ ಇಲ್ಲ, ಎಷ್ಟ ಬೇಕಾದಷ್ಟು ಕಸ ಕೀಳಬಹುದು, ಬರ್ರಿ" ಎಂದು ಕರೆದಳು.

ಗುಡ್ಡದ ಇಳಿಜಾರಿನಲ್ಲಿ ಅವಳ ಅಪ್ಪ ಅವ್ವನ ಜೋಡಿ ದಿಬ್ಬ. ಕೆಳಗೆ ಹಳದಿಗೆ ತಿರುಗುತ್ತಿದ್ದ ಭತ್ತದ ಗದ್ದೆಗಳು. ದಿಬ್ಬದ ಮೇಲೆ ಸೊಂಟದೆತ್ತರ ಹುಲ್ಲು ಬೆಳೆದಿತ್ತು. ಬುಸಾನ್ ಪಟ್ಟಣದಿಂದ ಅವಳ ತಮ್ಮನೂ ಬಂದಿದ್ದ, ಹುಲ್ಲು ಕತ್ತರಿಸುವ ಯಂತ್ರವನ್ನು ಬೆನ್ನಿಗೆ ಹಾಕಿಕೊಂಡು. ಒಮ್ಮೆ ಗುರ್ ಎಂದು ಯಂತ್ರ ನಿಂತಿತು. ಅವನು ಹಗ್ಗ ಎಳೆದ, ಮತ್ತೆ ಎಳೆದ, ಬೈದ. ಅಕ್ಕ ತಮ್ಮನಿಗೆ ಏನೋ ಅಂದಳು. ತಮ್ಮ ತಿರುಗಿ ಅಂದ. ಜಗಳ ಶುರುವಾಯಿತು.

ದಾನು ಪಿಸುಮಾತಿನಲ್ಲಿ ಹೇಳುತ್ತಾ ಹೋದಳು. ತಮ್ಮನಿಗೆ ಈ ಕೆಲಸ ಸಾಕಾಗಿದೆ. ಅಪ್ಪ ಅವ್ವನ ಎಲುಬು ತೆಗೆದು ಸುಟ್ಟು, ಬೂದಿಯನ್ನು ಪಟ್ಟಣದ ಕಟ್ಟಡದಲ್ಲಿ ಗಾಜಿನ ಗೂಡಿನೊಳಗೆ ಇಡೋಣ ಅನ್ನುತ್ತಾನೆ. ಈಗ ಎಲ್ಲರೂ ಹಾಗೇ ಮಾಡುತ್ತಿದ್ದಾರೆ, ಅಲ್ಲಿ ಹುಲ್ಲಿಲ್ಲ, ಮಳೆಯಿಲ್ಲ, ಯಾರೂ ಏನೂ ಮಾಡಬೇಕಾಗಿಲ್ಲ.

ಆಗ ಇಮೋ ಅಂದದ್ದನ್ನು ದಾನು ಅನುವಾದಿಸಿದ್ದು ಹೀಗೆ. "ಯಾರೂ ಏನೂ ಮಾಡೂದು ಬ್ಯಾಡ, ಖರೆ. ಹಂಗಾದ್ರ ಆಮ್ಯಾಲ ನೀ ಯಾಕ ಬರ್ತಿ? ವರ್ಷಾ ಈ ಹುಲ್ಲ ಬೆಳೀತೈತಿ ಅಂತ ನೀ ಬರ್ತಿ. ನೀ ಬರ್ತಿ ಅಂತ ನಾ ಅಡಗಿ ಮಾಡ್ತೇನಿ. ಹುಲ್ಲ ಇಲ್ಲಂದ್ರ ನಿನಗ ಅಕ್ಕ ಎಲ್ಲಿ ಅದಾಳ?"

ನಾನು ಗದ್ದೆಯ ಕಡೆ ನೋಡುತ್ತಿದ್ದೆ, ಕಣ್ಣಿನಲ್ಲಿ ನೀರು ತುಂಬಿ ಗದ್ದೆ ಕಾಣುತ್ತಿರಲಿಲ್ಲ. ಸೆರಗಿನಿಂದ ಒರೆಸಿಕೊಂಡು ತಿರುಗಿದರೆ ಅಣ್ಣ ನನ್ನನ್ನೇ ನೋಡುತ್ತಿದ್ದಾನೆ. ಅವನು ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ ಗೊತ್ತಿಲ್ಲ.

ಬುಟ್ಟಿಯ ಪಕ್ಕ ಒಂದು ಕುಡಗೋಲು ಬಿದ್ದಿತ್ತು. ಅಣ್ಣ ಅದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಅದರ ಬಾಯಿ ಮುಟ್ಟಿ ನೋಡಿದ, ಚಪ್ಪಲಿ ಕಳಚಿ ಕುಕ್ಕರುಗಾಲಲ್ಲಿ ಕುಳಿತ. ಜೋಳ ಕೊಯ್ಯುವ ಹಾಗೆ ಎಡಗೈಯಲ್ಲಿ ಹುಲ್ಲಿನ ಹಿಡಿ, ಬಲಗೈಯಲ್ಲಿ ಒಂದೇ ಎಳೆತ. ಕುಳಿತಲ್ಲೇ ಸರಿಯುತ್ತ, ಹಿಡಿಹಿಡಿಯಾಗಿ ಹಿಂದಕ್ಕೆ ಹಾಕುತ್ತ ಹೋದ. ತಮ್ಮ ಯಂತ್ರ ಇಳಿಸಿ ಇನ್ನೊಂದು ಕುಡಗೋಲು ತಂದು ಎದುರು ಬದಿಯಿಂದ ಶುರುಮಾಡಿದ. ಅವನಿಗೆ ಕುಕ್ಕರುಗಾಲು ಬರುತ್ತಿರಲಿಲ್ಲ, ಹಿಂದಕ್ಕೆ ಉರುಳಿಬಿದ್ದ. ಅಣ್ಣ ಕೈ ಕೊಟ್ಟು ಎಬ್ಬಿಸಿದ. ನಾನೂ ಇಮೋನೂ ಕೊಯ್ದ ಹುಲ್ಲನ್ನು ಬಾಚಿ ಒಟ್ಟಿದೆವು. ಮಾತೇ ಇಲ್ಲದ ಕೆಲಸ, ಎಷ್ಟು ಹಿತವಾಗಿತ್ತೆಂದರೆ ಮುಗಿದಾಗ ಬೇಜಾರಾಯಿತು.

ದಿಬ್ಬಗಳ ಮುಂದಿನ ಕಲ್ಲುಹಾಸಿನ ಮೇಲೆ ಇಮೋ ಹಣ್ಣು, ಅನ್ನ, ಕಡುಬಿನಂಥ ತಿಂಡಿ ಇಟ್ಟಳು. ಅಕ್ಕ ತಮ್ಮ ನೆಲಕ್ಕೆ ಹಣೆ ಹಚ್ಚಿದರು. ಅಣ್ಣ ಚೀಲದಿಂದ ಖಡಕ್ ರೊಟ್ಟಿ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಅದರ ಪಕ್ಕ ಇಟ್ಟ. ಆಮೇಲೆ ಎಲ್ಲರೂ ಹುಲ್ಲಿನ ಮೇಲೆ ಉಣ್ಣಲು ಕುಳಿತೆವು. ಆಗ ಇಮೋ ಮಾಡಿದ್ದನ್ನು ನೋಡಿ ನನಗೆ ರೋಮಾಂಚನವಾಯಿತು. ಮೊದಲ ತುತ್ತನ್ನು ಬಾಯಿಗೆ ಹಾಕಿಕೊಳ್ಳದೆ, "ಕೋಸುರೇ" ಎಂದು ಕೂಗಿ ಗದ್ದೆಯ ಕಡೆ ಎಸೆದಳು. ಹೊರಗೆ ಉಣ್ಣುವಾಗ ನೆಲಕ್ಕೆ, ಕಾಣದವರಿಗೆ ಮೊದಲ ಪಾಲು ಕೊಡುವುದು ಇಲ್ಲಿನ ಹಿಂದಿನ ರೂಢಿಯಂತೆ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ನಾವು ಮಾಡುವುದು ಇನ್ನೇನು? ಸಜ್ಜಿ ರೊಟ್ಟಿ, ಪಲ್ಯ, ಹೋಳಿಗೆ ಕಲಸಿ, ಬೆಳೆಯ ನಡುವೆ ನಾಲ್ಕು ದಿಕ್ಕಿಗೆ ಕೂಗಿ ಎರಚಿ ಚರಗ ಚೆಲ್ಲುತ್ತೇವಲ್ಲ. ಮನೆಯಲ್ಲಿ ಆ ಕೂಗು ಹಾಕುತ್ತಿದ್ದವಳು ಅವ್ವ. ನಾನು ಇದನ್ನು ದಾನುವಿಗೆ ಹೇಳುವಷ್ಟರಲ್ಲಿ ಅಣ್ಣ ಎದ್ದು ನಿಂತಿದ್ದ. ಅನ್ನ, ಸೊಪ್ಪು, ರೊಟ್ಟಿಯ ಚೂರು ಎಲ್ಲ ಬೊಗಸೆಯಲ್ಲಿ ಕಲಸಿ, "ಹುಲ್ಲುಲ್ಲಿಗೋ" ಎಂದು ಗುಡ್ಡ ಅದುರುವಂತೆ ಕೂಗಿ ಎರಚಿದ. ಕೆಳಗೆ ಗದ್ದೆಯಿಂದ ಕೊಕ್ಕರೆಗಳು ಎದ್ದವು. ಇಮೋಳ ತಮ್ಮ ಹಾರಿಬಿದ್ದ. ಇಮೋ ಮಾತ್ರ ತಿರುಗಿ ಕೂಗಿದಳು, ನಾನೂ ಕೂಗಿದೆ. ಅಷ್ಟು ಜೋರಾಗಿ ಕೂಗಿ ಎಷ್ಟು ವರ್ಷವಾಗಿತ್ತೋ.

ಊಟವಾದ ಮೇಲೆ ಅಣ್ಣ ದಾನುವಿನಿಂದ ಫೋನು ಹಚ್ಚಿಸಿಕೊಂಡ. ಮೈಬೂಬನ ದನಿ ನಮಗೂ ಕೇಳುತ್ತಿತ್ತು.

"ಮೈಬೂಬ, ಗದ್ದಿಗಿ ಮ್ಯಾಲ ಕಲ್ಲ ಬ್ಯಾಡ. ಮಣ್ಣ ಇರ್ಲಿ."

"ಅಳತಿ ತಗೊಂಡು ಕಲ್ಲ ಆರಿಸಿ ಇಟ್ಟೇನಲ್ರಿ ಗೌಡ್ರ?"

"ಅದ ಕಲ್ಲಿಲೆ ಬಾಜೂಕ ಒಂದ ಕಟ್ಟಿ ಮಾಡು. ಹುಲ್ಲ ಕಿತ್ತು ದಣದವರು ಕುಂತು ರೊಟ್ಟಿ ತಿನ್ನೂವಂಥದ್ದು. ಇಬ್ಬರು ಹಿಡೀಬೇಕು ನೋಡು. ಗಟ್ಟಿ ಇರ್ಲಿ, ನೀರು ಬಂದ್ರೂ ಜಾಗ ಗೊತ್ತಾಗಬೇಕು."

"ಹೆಸರು ಏನ್ ಕೆತ್ತಲ್ರಿ?"

ಅಣ್ಣ ನನ್ನ ಕಡೆ ನೋಡಿದ. "ಹೆಸರು ಯಾಕ? ಅಲ್ಲಿ ಬಂದು ಕುಂಡ್ರೂ ಇಬ್ಬರಿಗೂ ಗೊತ್ತೈತಿ."

ನಾನು ಬಾಯಿ ತೆರೆದೆ. "ಅಣ್ಣಾ, ನೀ ನಿನ್ನಿ ನೀರಿನ ಮುಂದ ಕುಂತು ಹೇಳಿದ್ದು..."

"ನೀನೂ ಹೇಳಬೇಕಾಗಿತ್ತಲ್ಲಬೇ" ಅಂದ. "ಅಷ್ಟ ದಿವಸ ನನ್ನ ಜೋಡಿ ಜಗಳಾ ಆಡಿದಿ, ಅದೊಂದ ಮಾತು ಹೇಳಲಿಲ್ಲ."

ಹೊರಡುವಾಗ ಇಮೋಳ ತಮ್ಮ ಅಣ್ಣನ ಕೈಗೆ ಆ ಕುಡಗೋಲನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಈ ಸಲ ಎರಡೂ ಕೈ ಚಾಚಿ ಈಸಿಕೊಂಡವನು ಅಣ್ಣ.

ಬಸವನ ಬಾಗೇವಾಡಿ, ಮನೆ

ಮುಂಬೈಯಲ್ಲಿ ನಮ್ಮ ಬ್ಯಾಗು ತೆಗೆಸಿದರು. ಪರದೇಶಕ್ಕೆ ಹೋಗಿ ಯಾರಾದರೂ ಕುಡಗೋಲು ತರುತ್ತಾರೆಯೇ ಎಂದು ಅಧಿಕಾರಿಗೆ ಆಶ್ಚರ್ಯ. ಟೀವಿ, ಬಂಗಾರ ಏನೂ ಇಲ್ಲವೇ ಎಂದು ಎರಡೆರಡು ಸಲ ಕೇಳಿದ. ಬಂಗಾರ ನೋಡಿಕೊಂಡು ಬಂದೆವು ಎಂದೆ ನಾನು.

ಊರಿಗೆ ಬಂದು ನನ್ನ ಪಾಡಿಗೆ ನಾನಿದ್ದೆ. ನೆರೆಮನೆಯವರಿಗೆ ಬಂಗಾರದ ಕಿರೀಟದ ಕತೆ ಹೇಳುತ್ತಿದ್ದೆ, ನಾಯಿಯ ಕತೆಯನ್ನು ಕೇಳದಿದ್ದರೂ ಹೇಳುತ್ತಿದ್ದೆ. ಹಿಂಗಾರಿ ಮಳೆ ಚೆನ್ನಾಗಿಯೇ ಬಿತ್ತು. ಮಳೆ ಹೊಳವಾದ ಒಂದು ಬೆಳಿಗ್ಗೆ ಚಹಾಕ್ಕೆ ಇಟ್ಟಿದ್ದೆ, ಅಣ್ಣನ ಫೋನು ಬಂತು. ಹಬ್ಬ ದೂರವಿತ್ತು, ಮನೆಯಲ್ಲಿ ಯಾವ ಕಾರ್ಯವೂ ಇರಲಿಲ್ಲ. ಏನಾಯಿತೋ ಎಂದು ಗಾಬರಿಯಿಂದಲೇ ಎತ್ತಿದೆ.

"ಶಾರಿ, ಅವ್ವನ ಮ್ಯಾಲ ಹುಲ್ಲ ಬೆಳದೈತಿ. ಯಾವಾಗ ಬರ್ತಿ?"

ಚಹಾ ಇಳಿಸಿದೆ. ತಾಂಬಾದ ದಾರಿಯ ಸಿಂದಗಿ ಬಸ್ಸು ಇನ್ನೂ ಹೋಗಿರಲಿಲ್ಲ.